ಹನ್ನೊಂದು ತಿರುವಿನ ತಂತಿ

ಲಿಂಡೆನ್ ಫೋರ್ಕ್ ಊರಿನ ಫೈರ್ ಸ್ಟೇಷನ್ನಿಗೆ ಒಂದು ಉಕ್ಕಿನ ಕಂಬ, ಆ ಕಂಬದ ಮೇಲೆ ಆರು ಆಂಟೆನಾ. ಹವಾಮಾನದ ಸುದ್ದಿ ಕೇಳುವುದಕ್ಕೊಂದು, ಅಕ್ಕಪಕ್ಕದ ಊರುಗಳ ಫೈರ್ ಸ್ಟೇಷನ್ನುಗಳ ಮಾತಿಗೊಂದು, ಸರೋವರದ ದೋಣಿಗಳಿಗೊಂದು, ವಿಮಾನಗಳಿಗೊಂದು. ಉಳಿದೆರಡು ಊರಿನ ರೇಡಿಯೋ ಸಂಘದ ಒಂಬತ್ತು ಮಂದಿ ಸದಸ್ಯರು ದೂರದೂರದ ಇಂಥವೇ ಸಂಘಗಳ ಸದಸ್ಯರೊಡನೆ ಹರಟುವುದಕ್ಕೆ. ಮಾರ್ಚ್ ತಿಂಗಳ ಒಂದು ದಿನ ಊರಿನ ಎಂಜಿನಿಯರ್ ಬಂದು, ಕಂಬವನ್ನು ಅಲ್ಲಾಡಿಸಿ, ಬುಡದ ತುಕ್ಕನ್ನು ಉಗುರಿನಿಂದ ಕೆರೆದು ನೋಡಿ, ಇದರ ಮೇಲೆ ಇನ್ನು ಒಂದೇ ಒಂದು ಆಂಟೆನಾ ಇರಬಹುದು, ಎರಡನೆಯದು ಇದ್ದರೆ ಮುಂದಿನ ಬಿರುಗಾಳಿಗೆ ಕಂಬ ಹೋಗಿ ಫೈರ್ ಎಂಜಿನ್ನಿನ ಮೇಲೆ ಮಲಗುತ್ತದೆ ಎಂದು ಬರೆದುಕೊಟ್ಟು ಹೋದ.

ಫೈರ್ ಸ್ಟೇಷನ್ನಿನ ಮುಖ್ಯಸ್ಥ ಡ್ವೇನ್ ಕೆಟ್ಟವನಲ್ಲ. ಆದರೆ ಸಂಘದವರು ಪ್ರತಿ ಶನಿವಾರ ಬೆಳಿಗ್ಗೆ ಕಾಫಿ ಕುಡಿಯುತ್ತ ಕೂರುವ ಹಿಂದಿನ ಕೋಣೆಯಲ್ಲಿ ವ್ಯಾಯಾಮದ ಯಂತ್ರಗಳನ್ನಿಡಬೇಕೆಂದು ಅವನಿಗೆ ಬಹಳ ದಿನದಿಂದ ಆಸೆಯಿತ್ತು. ಒಂದು ಆಂಟೆನಾ ಆರರ ಕೆಲಸ ಮಾಡುವುದಾದರೆ ನೀವು ಇರಿ, ಇಲ್ಲವಾದರೆ ಮೇ ತಿಂಗಳಲ್ಲಿ ಸ್ಟೇಷನ್ನಿನವರು ಊರಿಗೆಲ್ಲ ಬಡಿಸುವ ಪ್ಯಾನ್‌ಕೇಕ್ ಉಪಾಹಾರದ ದಿನ ಕೋಣೆಯ ಬೀಗದ ಕೈ ಕೊಟ್ಟುಬಿಡಿ ಎಂದು ಮರ್ಯಾದೆಯಾಗಿಯೇ ಹೇಳಿದ.

ಅದು ಸಣ್ಣ ಮಾತಲ್ಲ. ಒಂಬತ್ತು ಸದಸ್ಯರಲ್ಲಿ ಇಬ್ಬರು ಹೆಂಡತಿಯನ್ನು ಕಳೆದುಕೊಂಡವರು, ಒಬ್ಬನಿಗೆ ಮದುವೆಯೇ ಆಗಿರಲಿಲ್ಲ. ಈ ಮೂವರಿಗೆ ಆ ಕೋಣೆ ಬಿಟ್ಟರೆ ಶನಿವಾರವೇ ಇರಲಿಲ್ಲ. ಉಳಿದ ಆರು ಮಂದಿಯ ಹೆಂಡತಿಯರಿಗಂತೂ ಗಂಡಂದಿರು ಶನಿವಾರ ಬೆಳಿಗ್ಗೆ ಮನೆಯಲ್ಲೇ ಉಳಿಯುವ ವಿಚಾರ ಕೇಳಿಯೇ ತಲೆನೋವು ಬಂತು. ಸಂಘದ ಅಧ್ಯಕ್ಷ ನಾರ್ಬರ್ಟ್ ಟೆಲಿಫೋನ್ ಕಂಬ ಹತ್ತಿ ಹತ್ತಿ ನಿವೃತ್ತನಾದ ಮುದುಕ. ಸಭೆ ಕರೆದು, ಆರರಲ್ಲಿ ಯಾವ ಐದನ್ನು ತೆಗೆಯೋಣ ಎಂದು ಕೇಳಿದ. ಎರಡು ಗಂಟೆ ವಾದ ನಡೆಯಿತು. ದೋಣಿಯಿದ್ದವನು ವಿಮಾನ ಬೇಡವೆಂದ, ವಿಮಾನದ ಹುಚ್ಚಿನವನು ದೋಣಿ ಮುಳುಗಲಿ ಎಂದ. ಎಲ್ಲರೂ ಸುಸ್ತಾಗಿ ಸುಮ್ಮನಾದಾಗ, ಬಾಗಿಲ ಬಳಿ ಕುಳಿತು ಏಪ್ರಿಕಾಟ್ ಹಣ್ಣು ತುಂಬಿದ ಕೊಲಾಚೆ ಬನ್ನು ತಿನ್ನುತ್ತಿದ್ದ ಎಲ್ಡನ್ ಪ್ರಿಬಿಲ್ ಬಾಯೊರೆಸಿಕೊಂಡು ಹೇಳಿದ:

"ಯಾವುದನ್ನೂ ಕಳ್ಕೊಳ್ಳೋದು ಬೇಡ. ಆರರ ಕೆಲಸ ಮಾಡೋ ಒಂದು ಆಂಟೆನಾ ನಾನೇ ಮಾಡ್ತೀನಿ."

ಕೋಣೆ ನಿಶ್ಶಬ್ದವಾಯಿತು. ಅದು ಬೆರಗಿನ ಮೌನವೆಂದು ಎಲ್ಡನ್ ತಿಳಿದ. ಎಲ್ಡನ್ ಚೀಸ್ ಕಾರ್ಖಾನೆಯಲ್ಲಿ ಹಾಲು ಪರೀಕ್ಷೆ ಮಾಡುವವನು, ಐವತ್ತೆಂಟು ವಯಸ್ಸು. ರೇಡಿಯೋ ಪರವಾನಗಿ ಸಿಕ್ಕು ನಾಲ್ಕು ವರ್ಷ. ಅಯೋವಾದ ಒಬ್ಬನೊಡನೆ ಮೊಣಕಾಲು ನೋವಿನ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದ್ದೇ ಆವರೆಗಿನ ಅವನ ದೊಡ್ಡ ಸಾಧನೆ. ಅವನ ಬಾಯಿ ಯಾವಾಗಲೂ ಬುದ್ಧಿಗಿಂತ ಅರ್ಧ ನಿಮಿಷ ಮುಂದೆ ಹೊರಡುತ್ತಿತ್ತು. ಬುದ್ಧಿ ಹಿಂದಿನಿಂದ ಓಡೋಡಿ ಬರುವಷ್ಟರಲ್ಲಿ ಬಾಯಿ ಒಪ್ಪಂದ ಮುಗಿಸಿರುತ್ತಿತ್ತು.

ಮನೆಯಲ್ಲಿ ಹೆಂಡತಿ ಮಾರ್ಲಿಸ್, ಅದೆಲ್ಲ ನಿನಗೆ ಬರುತ್ತದಾ ಎಂದು ಕೇಳಿದಳು. ಬರದೆ ಏನು ಎಂದ. ಎರಡು ದಿನ ಪುಸ್ತಕಗಳನ್ನು ಓದಿದ. ಮೊದಲ ಪುಟದಲ್ಲಿ ಪದಗಳಿದ್ದವು, ಎರಡನೆಯ ಪುಟದಿಂದ ಗ್ರೀಕ್ ಅಕ್ಷರಗಳು. ಗಿಡ್ಡ ತಂತಿಗೆ ಒಂದು ಸ್ವರ ಕೇಳಿಸಿದರೆ ಉದ್ದ ತಂತಿಗೆ ಇನ್ನೊಂದು, ಎಲ್ಲ ಸ್ವರವೂ ಒಂದೇ ತಂತಿಗೆ ಕೇಳಿಸುವುದು ಬಹಳ ಕಷ್ಟ ಎನ್ನುವಷ್ಟು ಮಾತ್ರ ತಿಳಿಯಿತು. ಮೂರನೆಯ ದಿನ ಅವನ ಅದೃಷ್ಟಕ್ಕೆ, ಯಾವುದೋ ವಿಶ್ವವಿದ್ಯಾಲಯದವರು ಬೇಕಾದವರು ಬಳಸಿಕೊಳ್ಳಲಿ ಎಂದು ಬಿಟ್ಟಿದ್ದ ಒಂದು ಪ್ರೋಗ್ರಾಂ ಸಿಕ್ಕಿತು. ಅದರಲ್ಲಿ ಮನುಷ್ಯ ಏನೂ ಯೋಚಿಸಬೇಕಾಗಿಲ್ಲ. ತಂತಿ ಎಷ್ಟುದ್ದ ಇರಬಹುದು, ಏನೇನು ಕೇಳಿಸಬೇಕು ಎಂದಷ್ಟು ಹೇಳಿದರೆ ಸಾಕು, ಉಳಿದದ್ದೆಲ್ಲ ಕಂಪ್ಯೂಟರಿನದು. ತನಗಾಗಿಯೇ ಮಾಡಿಟ್ಟ ಹಾಗಿದೆ ಎಂದುಕೊಂಡ ಎಲ್ಡನ್.

ಹಳೆಯ ಕಂಪ್ಯೂಟರನ್ನು ಬಟ್ಟೆ ಒಗೆಯುವ ಕೋಣೆಯಲ್ಲಿಟ್ಟು ಚಾಲೂ ಮಾಡಿದ. ಅದು ಹಗಲೆಲ್ಲ ಗುಂಯ್‌ಗುಟ್ಟುವುದನ್ನು ಕೇಳಿ ಮಾರ್ಲಿಸಳ ತಂದೆ ಆಲ್ವಿನ್ ಬಾಗಿಲಲ್ಲಿ ಬಂದು ನಿಂತರು. ಎಂಬತ್ನಾಲ್ಕು ವರ್ಷದ ಆಲ್ವಿನ್ ನಲವತ್ತೊಂದು ವರ್ಷ ಹೋಲ್‌ಸ್ಟೀನ್ ಹಸುಗಳನ್ನು ಸಾಕಿ, ಅವುಗಳ ತಳಿ ತಿದ್ದಿ, ಜಿಲ್ಲೆಯ ಪ್ರದರ್ಶನದಲ್ಲಿ ನೀಲಿ ರಿಬ್ಬನ್ನುಗಳನ್ನು ಗೆದ್ದು, ಕೊಟ್ಟಿಗೆ ಮಾರಿ ಮಗಳ ಮನೆಯ ಕೆಳಗಿನ ಕೋಣೆಗೆ ಬಂದಿದ್ದವರು. ಇಪ್ಪತ್ತೊಂಬತ್ತು ವರ್ಷದಿಂದ ಅಳಿಯನೊಡನೆ ಅವರು ಮಾತಾಡಿದ್ದೆಲ್ಲ ಮಳೆ ಬರುತ್ತದೋ ಇಲ್ಲವೋ ಎನ್ನುವುದರ ಬಗ್ಗೆ. ಅವತ್ತು ಮೊದಲ ಸಲ ಬೇರೆ ಪ್ರಶ್ನೆ ಕೇಳಿದರು: ಇದು ಏನು ಮಾಡುತ್ತಿದೆ?

ಎಲ್ಡನ್ ವಿವರಿಸಿದ. ಕಂಪ್ಯೂಟರ್ ಮೊದಲು ಇನ್ನೂರು ತಂತಿಗಳನ್ನು ಹೇಗೆ ಹೇಗೋ ಸೊಟ್ಟ ಮಾಡುತ್ತದೆ, ಎಲ್ಲ ಲೆಕ್ಕದಲ್ಲೇ. ಯಾವುದಕ್ಕೆ ಚೆನ್ನಾಗಿ ಕೇಳಿಸುತ್ತದೆ ಎಂದು ನೋಡುತ್ತದೆ. ಕೆಟ್ಟವನ್ನು ಬಿಸಾಡಿ, ಒಳ್ಳೆಯವನ್ನು ಎರಡೆರಡಾಗಿ ಕೂಡಿಸಿ ಮರಿ ಹುಟ್ಟಿಸುತ್ತದೆ. ಅಪ್ಪನ ಅರ್ಧ ಸೊಟ್ಟ, ಅಮ್ಮನ ಅರ್ಧ ಸೊಟ್ಟ, ಜೊತೆಗೆ ಒಂದಿಷ್ಟು ತನ್ನದೇ ಸೊಟ್ಟ. ಹೀಗೆ ಸಾವಿರಾರು ತಲೆಮಾರು.

ಆಲ್ವಿನ್ ಗಂಭೀರವಾಗಿ ತಲೆಯಾಡಿಸಿದರು. ಇದು ಅವರಿಗೆ ಗೊತ್ತಿದ್ದ ಕೆಲಸವೇ.

"ಇದರಲ್ಲಿ ಹೋರಿ ಯಾವುದು?" ಎಂದು ಕೇಳಿದರು.

"ಹಾಗೇನಿಲ್ಲ. ಎಲ್ಲ ಹೋರಿನೂ ಹೌದು, ಎಲ್ಲ ಹಸುನೂ ಹೌದು."

ಆಲ್ವಿನ್ ನೆಟ್ಟಗೆ ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ತಳಿ ಬೆಳೆಸುವ ಕೆಲಸ ಹತ್ತೊಂಬತ್ತು ದಿನ ನಡೆಯಿತು. ಬಟ್ಟೆ ಒಗೆಯುವ ಕೋಣೆಗೆ ಇದ್ದದ್ದು ಒಂದೇ ಫ್ಯೂಸ್. ಕಂಪ್ಯೂಟರಿನ ಜೊತೆ ಬಟ್ಟೆ ಒಣಗಿಸುವ ಡ್ರೈಯರ್ ಹಾಕಿದರೆ ಫ್ಯೂಸ್ ಹೋಗುತ್ತಿತ್ತು, ಫ್ಯೂಸ್ ಹೋದರೆ ಮುನ್ನೂರು ತಲೆಮಾರು ಒಟ್ಟಿಗೆ ನಾಶವಾಗುತ್ತಿತ್ತು. ಎರಡು ಸಲ ಹಾಗಾಯಿತು. ಆಮೇಲೆ ಎಲ್ಡನ್ ಡ್ರೈಯರನ್ನು ಯಾರೂ ಹಾಕದಂತೆ ಅದಕ್ಕೆ ಟೇಪು ಸುತ್ತಿದ. ಮಾರ್ಲಿಸ್ ಏಪ್ರಿಲ್ ತಿಂಗಳ ಗಾಳಿಯಲ್ಲಿ, ಡ್ರೈಯರ್ ಬರುವ ಮೊದಲು ಬಳಸುತ್ತಿದ್ದ ಹಿತ್ತಲಿನ ಹಳೆಯ ತಂತಿಗಳ ಮೇಲೆ ಬಟ್ಟೆ ಒಣಗಹಾಕಬೇಕಾಯಿತು. ಎರಡು ಕಬ್ಬಿಣದ ಕಂಬ, ನಡುವೆ ನಾಲ್ಕು ಉಕ್ಕಿನ ತಂತಿ. ಕೆಲಸಕ್ಕೆ ಹೋಗುವಾಗ ಒದ್ದೆ ಕಾಲುಚೀಲ ಹಾಕಿಕೊಂಡು ಹೋಗುತ್ತಿದ್ದಳು. ಆ ದಿನಗಳಲ್ಲಿ ಅವಳು ಗಂಡನೊಡನೆ ಆಡಿದ ಮಾತು ಕಡಿಮೆ, ಆಡಿದ್ದೂ ಬರೆಯುವಂಥದ್ದಲ್ಲ.

ಇಪ್ಪತ್ತನೆಯ ದಿನ ಎಲ್ಡನ್ ಕಂಪ್ಯೂಟರ್ ತೋರಿಸಿದಂತೆ ತಾಮ್ರದ ತಂತಿಯನ್ನು ಅಡುಗೆಮನೆಯ ಮೇಜಿನ ಮೇಲೆ ಬಗ್ಗಿಸಿದ. ಪುಸ್ತಕದ ಲೆಕ್ಕಕ್ಕಿಂತ ನಿಜವಾದ ಅಳತೆ ಮೇಲೆಂದು ಪ್ರೋಗ್ರಾಮೇ ಹೇಳಿತ್ತು. ಆದ್ದರಿಂದ ಕೊನೆಯ ಹತ್ತು ತಲೆಮಾರುಗಳಲ್ಲಿ ಎಲ್ಲಕ್ಕಿಂತ ಒಳ್ಳೆಯ ಒಂದೊಂದು ತಂತಿಯನ್ನು ಕೈಯಿಂದಲೇ ಮಾಡಿ, ಹೊರಗಿಟ್ಟು ಅಳೆದು, ಬಂದ ಅಂಕಿಗಳನ್ನು ಕಂಪ್ಯೂಟರಿಗೆ ತಿನ್ನಿಸಿದ. ಅಳೆಯುವುದಕ್ಕೆ ಜಾಗ ಆರಿಸಿದ ರೀತಿಯೂ ವೈಜ್ಞಾನಿಕವೇ: ಕಿಟಕಿಯಿಂದ ಎಳೆದ ಕೇಬಲ್ ಎಲ್ಲಿಯವರೆಗೆ ಮುಟ್ಟಿತೋ ಅಲ್ಲಿ ಒಂದು ಮರದ ಕೋಲು ನೆಟ್ಟ. ಅದು ಬಟ್ಟೆ ಒಣಗುವ ತಂತಿಯಿಂದ ನಾಲ್ಕು ಹೆಜ್ಜೆ ದೂರ.

ಕೊನೆಗೆ ಆಂಟೆನಾ ಸಿದ್ಧವಾಯಿತು. ಯಾರೋ ಕೋಟು ನೇತುಹಾಕುವ ಹ್ಯಾಂಗರನ್ನು ಕೋಪದಲ್ಲಿ ತುಳಿದು, ಪಶ್ಚಾತ್ತಾಪಪಟ್ಟು ಸರಿಮಾಡಲು ಹೋಗಿ, ಮತ್ತೆ ಕೋಪ ಬಂದು ತುಳಿದಂತಿತ್ತು. ಹನ್ನೊಂದು ತಿರುವು, ಒಂದರಂತೆ ಇನ್ನೊಂದಿಲ್ಲ. ನಾರ್ಬರ್ಟ್ ತನ್ನ ಮೀಟರು ಹಿಡಿದು ಹಿತ್ತಲಿಗೆ ಬಂದ. ಹವಾಮಾನ ಕೇಳಿಸಿತು. ದೋಣಿ ಕೇಳಿಸಿತು. ಮೇಲೆ ಹೋಗುತ್ತಿದ್ದ ವಿಮಾನದ ಪೈಲಟ್ ಯಾರಿಗೋ ಶುಭೋದಯ ಹೇಳಿದ್ದು ಕೇಳಿಸಿತು. ಆರೂ ಸ್ಪಷ್ಟ. ಮೂವತ್ತೊಂದು ವರ್ಷ ಶನಿವಾರ ತಪ್ಪಿಸದ ನಾರ್ಬರ್ಟನ ಕಣ್ಣು ಒದ್ದೆಯಾಯಿತು. ಅವನು ಕನ್ನಡಕ ಒರೆಸಿಕೊಂಡು, ತಂತಿಯ ಒಂದು ಮೂಲೆಗೆ ಬೆರಳು ತೋರಿಸಿ, "ಇಲ್ಲಿ ಯಾಕಪ್ಪ ಹೀಗೆ ತಿರುಗಿಸಿದೆ?" ಎಂದು ಕೇಳಿದ.

ನಿಜ ಹೇಳುವುದಕ್ಕೆ ಅದೇ ಸರಿಯಾದ ಗಳಿಗೆಯಾಗಿತ್ತು. ಯಾಕೆಂದು ನನಗೆ ಗೊತ್ತಿಲ್ಲ, ಕಂಪ್ಯೂಟರಿಗೂ ಗೊತ್ತಿಲ್ಲ, ಪ್ರೋಗ್ರಾಂ ಬರೆದವರಿಗೂ ಗೊತ್ತಿಲ್ಲ ಎಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಎಲ್ಡನ್‌ನ ಬಾಯಿ ಹೊರಟುಹೋಯಿತು.

"ಅದಾ? ಅದು ದೋಣಿಗಳಿಗೆ."

ನಾರ್ಬರ್ಟ್ ಮೆಚ್ಚಿ ಹ್ಞೂಂಗುಟ್ಟಿದ. ಈಚೆಯದು? ಈಚೆಯದು ಹವಾಮಾನಕ್ಕೆ. ಮೇಲಿನದು? ಮೇಲಿನದು ಮೇಲೆ ಹೋಗುವ ವಿಮಾನಗಳಿಗೆ, ಇನ್ನೇನು.

ಅಲ್ಲಿಗೆ ಇದು ಮುಗಿಯಬಹುದಿತ್ತು. ಆದರೆ ಬೇಲಿಯಾಚೆ ಟುಲಿಪ್ ಪಾತಿಯ ಕಳೆ ಕೀಳುತ್ತಿದ್ದ ಪಕ್ಕದ ಮನೆಯ ವರ್ನಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ನಾರ್ಬರ್ಟ್ ಹೋದ ಮೇಲೆ ಬೇಲಿಯ ಹತ್ತಿರ ಬಂದು, ನನ್ನ ಅಡುಗೆಮನೆ ಕಡೆ ತಿರುಗಿರುವ ಆ ಕೊಂಡಿ ಯಾತಕ್ಕೆ, ನಾನು ತಂಗಿಯ ಜೊತೆ ಫೋನಿನಲ್ಲಿ ಆಡುವ ಮಾತು ಅದರಲ್ಲಿ ಬರುತ್ತದೋ ಎಂದು ಕೇಳಿದಳು. ಎಲ್ಡನ್ ಅವಳಿಗೆ ಧೈರ್ಯ ಹೇಳಿದ. ಇದರಲ್ಲಿ ನಿನಗೆ ಸಂಬಂಧಪಟ್ಟ ತಿರುವು ಒಂದೂ ಇಲ್ಲ, ನಿಶ್ಚಿಂತೆಯಾಗಿರು ಎಂದ.

ವರ್ನಾಳ ಮುಖ ಬಾಡಿತು. "ದೋಣಿಯವರಿಗಿದೆ, ಏರೋಪ್ಲೇನಿನವರಿಗಿದೆ. ಇಪ್ಪತ್ತು ವರ್ಷ ಪಕ್ಕದಲ್ಲೇ ಇದ್ದೀನಿ, ನನಗೊಂದಿಲ್ವಾ?"

ನೆರೆಹೊರೆಯ ಮನಸ್ಸು ನೋಯಿಸುವುದು ಎಲ್ಡನ್‌ಗೆ ಆಗುತ್ತಿರಲಿಲ್ಲ. ಎಂಟನೆಯ ತಿರುವನ್ನು ಅವಳಿಗೆ ಕೊಟ್ಟ. ಅದು ಬೀದಿಯ ಸುರಕ್ಷತೆಗಂತೆ.

ಆ ವಾರ ಊರಿನ ಕಚೇರಿಯಿಂದ ಕಟ್ಟಡಗಳ ಇನ್ಸ್‌ಪೆಕ್ಟರ್ ಜೋಲೀನ್ ಫಾರಂ ಹಿಡಿದು ಬಂದಳು. ಕಂಬದ ಮೇಲೆ ಹೊಸದೇನು ಹತ್ತಬೇಕಾದರೂ ಅದರ ಪ್ರತಿಯೊಂದು ಭಾಗಕ್ಕೂ ಉದ್ದೇಶ ಬರೆಯಬೇಕು. ಜೋಲೀನ್ ತನ್ನ ಕೆಲಸವನ್ನು ನಂಬಿದ ಹೆಂಗಸು. ಖಾಲಿ ಬಿಟ್ಟ ಕಲಂ ಕಂಡರೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಹನ್ನೊಂದು ತಿರುವಿಗೆ ಹನ್ನೊಂದು ಸಾಲು ಗೆರೆ ಎಳೆದಳು. ಎಲ್ಡನ್ ಒಂದೊಂದಕ್ಕೂ ಉದ್ದೇಶ ಹೇಳಿದ. ಮೊದಲ ನಾಲ್ಕು ಸಲೀಸಾಗಿ ಬಂದವು, ಐದನೆಯದಕ್ಕೆ ಬೆವರಿದ, ಒಂಬತ್ತನೆಯದನ್ನು "ಒಟ್ಟಾರೆ" ಎಂದು ಬರೆಸಿದ. ಹನ್ನೊಂದನೆಯದಕ್ಕೆ ಬರುವಷ್ಟರಲ್ಲಿ ಅವನಿಗೇ ಅದರಲ್ಲಿ ನಂಬಿಕೆ ಬಂದುಬಿಟ್ಟಿತ್ತು. ಮೊಹರು ಒತ್ತಿದ ಫಾರಮಿನ ಒಂದು ಪ್ರತಿಯನ್ನು ಜೋಲೀನ್ ಕಚೇರಿಯ ಸೂಚನಾಫಲಕಕ್ಕೆ ಹಚ್ಚಿದಳು.

ಫಲಕದ ಮೇಲಿನದನ್ನು ಊರೆಲ್ಲ ಓದಿತು. ಮಾರನೆಯ ದಿನದಿಂದ ಜನ ಚೀಸ್ ಕಾರ್ಖಾನೆಯ ಬಾಗಿಲಿಗೇ ಬರತೊಡಗಿದರು. ಚರ್ಚಿನ ಪಾದ್ರಿ ಬಂದು, ಭಾನುವಾರದ ಪ್ರಾರ್ಥನೆ ಬಾನುಲಿಯಲ್ಲಿ ಬರುತ್ತದೆ, ಅದಕ್ಕೊಂದು ತಿರುವು ಇದ್ದರೆ ಕೆಡುಕೇನಿಲ್ಲವಲ್ಲ ಎಂದು ಮೆಲ್ಲಗೆ ಕೇಳಿದರು. ಜೋಳ ಬೆಳೆಯುವವರು ಆಲಿಕಲ್ಲಿನ ಎಚ್ಚರಿಕೆಗೆ ಒಂದು ಕೇಳಿದರು. ಬೌಲಿಂಗ್ ತಂಡದವರಿಗೆ ಫುಟ್‌ಬಾಲ್ ಕಾಮೆಂಟರಿ ಬೇಕಿತ್ತು. ಎಲ್ಡನ್ ಯಾರಿಗೂ ಇಲ್ಲವೆನ್ನಲಿಲ್ಲ. "ಒಟ್ಟಾರೆ" ಎಂಬ ಒಂಬತ್ತನೆಯ ತಿರುವನ್ನೇ ಮೂರು ಪಾಲು ಮಾಡಿ ಹಂಚಿದ. ಶುಕ್ರವಾರ ಊರವರೆಲ್ಲ ಸೇರುವ ಹೋಟೆಲಿಗೆ ಕರಿದ ಮೀನು ತಿನ್ನಲು ಹೋದಲ್ಲಿ ಡ್ವೇನ್ ಅವನ ಭುಜ ತಟ್ಟಿ, ನನ್ನ ಆಂಬುಲೆನ್ಸಿಗೂ ಹನ್ನೆರಡನೆಯದೊಂದು ಸೇರಿಸಿಬಿಡು ಎಂದ. ಪಕ್ಕದ ಮೇಜಿನಿಂದ ಜೋಲೀನ್, ಹೊಸ ತಿರುವಿಗೆ ಹೊಸ ಫಾರಂ ಬೇಕು ಎಂದು ನೆನಪಿಸಿದಳು.

ಮಾರ್ಲಿಸ್ ಇದನ್ನೆಲ್ಲ ನೋಡುತ್ತಿದ್ದಳು. ಒಂದು ಸಂಜೆ ಪಾತ್ರೆ ಒರೆಸುತ್ತ, "ನಿಜ ಹೇಳು, ಆ ತಿರುವುಗಳು ಯಾತಕ್ಕಿವೆ ಅಂತ ನಿನಗೆ ಗೊತ್ತಾ?" ಎಂದು ಕೇಳಿದಳು. ಫಾರಂ ನೋಡಿಕೋ, ಮೊಹರು ಬಿದ್ದಿದೆ ಎಂದ ಎಲ್ಡನ್.

ಪ್ಯಾನ್‌ಕೇಕ್ ಉಪಾಹಾರದ ಭಾನುವಾರ ಬಂತು. ಹಳೆಯ ಆರು ಆಂಟೆನಾಗಳನ್ನು ಹಿಂದಿನ ದಿನವೇ ಇಳಿಸಿ ಗುಜರಿಗೆ ಕೊಟ್ಟಾಗಿತ್ತು. ಫೈರ್ ಎಂಜಿನ್ನಿನ ಏಣಿ ಏರಿ ಒಬ್ಬ ಕಂಬದ ತುದಿಗೆ ಹನ್ನೊಂದು ತಿರುವಿನ ತಂತಿಯನ್ನು ಕಟ್ಟಿದ. ಕೆಳಗೆ ಇನ್ನೂರು ಜನ ತಟ್ಟೆ ಹಿಡಿದು ನಿಂತಿದ್ದರು. ಡ್ವೇನ್ ನಾಲ್ಕು ಮಾತಾಡಿದ, ಪಾದ್ರಿ ಎರಡು ಮಾತಾಡಿದರು, ನಾರ್ಬರ್ಟ್ ರೇಡಿಯೋದ ಗುಂಡಿ ತಿರುಗಿಸಿದ.

ಸುಸ್ ಎಂದಿತು.

ದೋಣಿಯ ಕಡೆ ತಿರುಗಿಸಿದ. ಅಲ್ಲೂ ಸುಸ್. ವಿಮಾನದಲ್ಲಿ ಯಾರೋ ಹೊದಿಕೆಯೊಳಗಿಂದ ಮಾತಾಡಿದಂತೆ ಕೇಳಿಸಿ ನಿಂತಿತು. ಹವಾಮಾನ ಪೂರ್ತಿ ಸತ್ತಿತ್ತು. ನಾರ್ಬರ್ಟ್ ಕೇಬಲ್ ನೋಡಿದ, ಸರಿಯಿತ್ತು. ಕೊಂಡಿಗಳನ್ನು ನೋಡಿದ, ಅವೂ ಸರಿಯಿದ್ದವು. ಅವನು ಎಲ್ಡನ್ ಕಡೆ ನೋಡಿದ. ಇನ್ನೂರು ಜನವೂ ನೋಡಿದರು.

ಆಗ ಜೋಲೀನ್ ಕೈಚೀಲದಿಂದ ಫಾರಂ ತೆಗೆದಳು. ಹವಾಮಾನ ಬರುತ್ತಿಲ್ಲವೆಂದರೆ ನಾಲ್ಕನೆಯ ತಿರುವು ಕೆಟ್ಟಿದೆ, ದೋಣಿ ಬರುತ್ತಿಲ್ಲವೆಂದರೆ ಎರಡನೆಯದು. ಇದರಲ್ಲಿ ಬರೆದಿದೆ, ಕಟ್ಟುವಾಗ ಬಾಗಿರಬೇಕು ಎಂದಳು. ಇದಕ್ಕಿಂತ ಸ್ಪಷ್ಟವಾದ ಮಾತು ಇರಲಿಲ್ಲ. ಡ್ವೇನ್ ಕೂಡಲೇ ಒಬ್ಬನ ಕೈಗೆ ಇಕ್ಕಳ ಕೊಟ್ಟು ಏಣಿ ಹತ್ತಿಸಿದ. ಜೋಲೀನ್ ಕೆಳಗಿನಿಂದ ಸಾಲು ಓದುತ್ತ, ಮೊದಲು ನಾಲ್ಕನೆಯದನ್ನು ಸ್ವಲ್ಪ ನೆಟ್ಟಗೆ ಮಾಡು ಎಂದಳು. ಬೌಲಿಂಗ್‌ನವರು, ಹೇಗೂ ಮೇಲೆ ಹೋಗಿದ್ದೀಯಲ್ಲ, ಒಂಬತ್ತನೆಯದನ್ನೂ ಒಂದಿಷ್ಟು ಎಳೆದುಬಿಡು ಎಂದರು. ಬೇರೆಯವರದನ್ನು ಏನಾದರೂ ಮಾಡಿಕೊಳ್ಳಿ, ಎಂಟನೆಯದನ್ನು ಯಾರೂ ಮುಟ್ಟಕೂಡದು ಎಂದಳು ವರ್ನಾ.

ಇಕ್ಕಳ ತಂತಿಗೆ ತಾಕಿದ್ದು ಕೆಳಗಿನಿಂದಲೇ ಎಲ್ಡನ್‌ಗೆ ಕಾಣಿಸಿತು. ಒಂದು ತಿರುವು ಬದಲಾದರೆ ಹತ್ತೊಂಬತ್ತು ದಿನ, ಸಾವಿರಾರು ತಲೆಮಾರು, ಮಾರ್ಲಿಸಳ ಒದ್ದೆ ಕಾಲುಚೀಲ, ಎಲ್ಲ ಮಣ್ಣುಪಾಲು ಎನ್ನುವುದು ಮಾತ್ರ ಅವನಿಗೆ ನಿಜವಾಗಿ ಗೊತ್ತಿತ್ತು. ಜೀವಮಾನದಲ್ಲಿ ಮೊದಲ ಸಲ ಬುದ್ಧಿ ಬಾಯಿಗಿಂತ ಮುಂಚೆ ಬಂತು.

"ಮುಟ್ಟಬೇಡಪ್ಪ, ಇಳಿ," ಎಂದ. "ಆ ತಿರುವು ಹವಾಮಾನಕ್ಕಲ್ಲ."

"ಮತ್ತೆ ಯಾತಕ್ಕೆ?" ಎಂದಳು ಜೋಲೀನ್.

"ಗೊತ್ತಿಲ್ಲ."

"ಎರಡನೆಯದು?"

"ಅದೂ ಗೊತ್ತಿಲ್ಲ. ಯಾವುದೂ ಗೊತ್ತಿಲ್ಲ, ಜೋಲೀನ್. ನಾನು ಮಾಡಿದ್ದಲ್ಲ ಅದು. ಕಂಪ್ಯೂಟರ್ ಹಸುವಿನ ಥರ ತಳಿ ಬೆಳೆಸ್ತು. ಯಾಕೆ ಕೇಳಿಸ್ತಿತ್ತು ಅನ್ನೋದೂ ನನಗೆ ಗೊತ್ತಿಲ್ಲ, ಈಗ ಯಾಕೆ ಕೇಳಿಸ್ತಿಲ್ಲ ಅನ್ನೋದೂ ಗೊತ್ತಿಲ್ಲ."

ಆದರೆ ನೀನು ಸಹಿ ಹಾಕಿದ್ದೀಯಲ್ಲ ಎಂದಳು ಜೋಲೀನ್, ಕೋಪಕ್ಕಿಂತ ದುಃಖದಿಂದ. ನಾರ್ಬರ್ಟ್ ಕುರ್ಚಿಯೊಂದನ್ನು ಎಳೆದುಕೊಂಡು ಕೂತುಬಿಟ್ಟ. ಡ್ವೇನ್ ಹಿಂದಿನ ಕೋಣೆಯ ಕಡೆ ಒಮ್ಮೆ ನೋಡಿದ. ಅಲ್ಲಿ ಸೈಕಲ್ ಯಂತ್ರ ಎಲ್ಲಿಡುವುದೆಂದು ಅಳೆದಂತಿತ್ತು ಆ ನೋಟ. ಮಾರ್ಲಿಸ್ ಮಾತ್ರ ಎದ್ದು ಬಂದು ಗಂಡನ ಪಕ್ಕ ನಿಂತು, ತನ್ನ ತಟ್ಟೆಯಿಂದ ಒಂದು ಸಾಸೇಜ್ ತೆಗೆದು ಅವನ ತಟ್ಟೆಗೆ ಹಾಕಿದಳು.

ಉದ್ದನೆಯ ಮೇಜಿನ ತುದಿಯಲ್ಲಿ ಆಲ್ವಿನ್ ತಮ್ಮ ಎರಡನೆಯ ಪ್ಯಾನ್‌ಕೇಕನ್ನು ಮುಗಿಸಿ, ಚಾಕು ಒರೆಸಿ ಇಟ್ಟು, ಎದ್ದು ಬಂದರು.

"ಇದು ಬೆಳೆದದ್ದು ಎಲ್ಲಿ?" ಎಂದು ಅಳಿಯನನ್ನು ಕೇಳಿದರು.

ಹಿತ್ತಲಿನಲ್ಲಿ ಎಂದ ಎಲ್ಡನ್.

"ಜೊತೇಲಿ ಯಾರಿದ್ರು?"

ಎಲ್ಡನ್‌ಗೆ ಅರ್ಥವಾಗಲಿಲ್ಲ. ಆಲ್ವಿನ್ ತಾಳ್ಮೆಯಿಂದ ಬಿಡಿಸಿ ಹೇಳಿದರು. ಕರು ಇನ್ನೊಂದು ಹಸುವಿನ ಪಕ್ಕದಲ್ಲೇ ಬೆಳೆದಿದ್ದರೆ, ಒಂಟಿಯಾಗಿ ಬೇರೆ ಕೊಟ್ಟಿಗೆಗೆ ಕಳಿಸಿದ ಮೇಲೆ ಮೇವು ಮುಟ್ಟುವುದಿಲ್ಲ. ತಮ್ಮ ಕೊಟ್ಟಿಗೆಯಲ್ಲೇ ಎಷ್ಟೋ ಸಲ ನೋಡಿದ್ದಾರೆ. ನಿನ್ನ ಈ ತಂತಿ ಕೊನೆಯ ಹತ್ತು ತಲೆಮಾರು ಬೆಳೆದದ್ದು ನನ್ನ ಮಗಳ ಬಟ್ಟೆತಂತಿಯ ಪಕ್ಕದಲ್ಲಿ. ಅದನ್ನು ಬಿಟ್ಟು ಇದಕ್ಕೆ ಬೇರೇನು ಗೊತ್ತು?

ನಾರ್ಬರ್ಟ್ ಕುರ್ಚಿಯಿಂದ ಎದ್ದ. ಹತ್ತಿರವಿರುವ ಲೋಹ ಆಂಟೆನಾದ ಪಾಲಿಗೆ ಒಂದು ಅಂಗವೇ ಆಗಿಬಿಡುತ್ತದೆ ಎನ್ನುವುದು ಅವನಿಗೆ ಐವತ್ತು ವರ್ಷದಿಂದ ಗೊತ್ತಿತ್ತು. ಅದನ್ನು ನೆನಪಿಸಲು ಹಸು ಸಾಕಿದವರು ಬೇಕಾಯಿತು. ಕಂಪ್ಯೂಟರ್ ಬೆಳೆಸಿದ್ದು ಬರೀ ತಂತಿಯನ್ನಲ್ಲ, ತಂತಿ ಮತ್ತು ಬಟ್ಟೆತಂತಿ ಎರಡನ್ನೂ ಸೇರಿಸಿ ಒಂದೇ ಆಂಟೆನಾ ಎಂದು ಅವನು ಎಲ್ಲರಿಗೂ ವಿವರಿಸಿದ.

ಮುಂದಿನದು ಬೇಗ ನಡೆಯಿತು. ನಾಲ್ವರು ಫೈರ್‌ಮನ್‌ಗಳು ಫೈರ್ ಎಂಜಿನ್ ತೆಗೆದುಕೊಂಡು ಪ್ರಿಬಿಲ್ ಮನೆಯ ಹಿತ್ತಲಿಗೆ ಹೋದರು. ಜಖಂಗೊಂಡ ಕಾರುಗಳಿಂದ ಜನರನ್ನು ಬಿಡಿಸಲೆಂದು ತಂದಿದ್ದ ಹೊಸ ಯಂತ್ರವನ್ನು ಬಳಸುವ ಅವಕಾಶ ಚಳಿಗಾಲವೆಲ್ಲ ಸಿಕ್ಕದೆ ಅವರು ಬೇಸರದಲ್ಲಿದ್ದರು. ಕಾಂಕ್ರೀಟು ಸಮೇತ ಎರಡೂ ಕಂಬ ಹನ್ನೆರಡು ನಿಮಿಷದಲ್ಲಿ ಮೇಲೆ ಬಂದವು. ಕಂಬ ಕೀಳುವ ಮೊದಲು ಮಾರ್ಲಿಸ್ ತಂತಿಯ ಮೇಲಿದ್ದ ಒಳ ಉಡುಪುಗಳನ್ನು ಎತ್ತಿಕೊಂಡು ಒಳಗೆ ಹಾಕಿದಳು. ಆಗಲೇ ನಾರ್ಬರ್ಟ್ ಅಳತೆ ಟೇಪು ಮತ್ತು ದಿಕ್ಸೂಚಿ ಹಿಡಿದು, ಕೋಲಿಗೂ ಕಂಬಗಳಿಗೂ ಎಷ್ಟು ದೂರ, ಯಾವ ದಿಕ್ಕು ಎಂದು ಬರೆದುಕೊಂಡ. ಫೈರ್ ಸ್ಟೇಷನ್ನಿನ ಚಪ್ಪಟೆ ತಾರಸಿಯ ಮೇಲೆ ಎಲ್ಲವನ್ನೂ ಹಿತ್ತಲಿನಲ್ಲಿದ್ದಂತೆಯೇ ನಿಲ್ಲಿಸಿದರು. ಆಂಟೆನಾವನ್ನು ಉಕ್ಕಿನ ಕಂಬದಿಂದ ಇಳಿಸಿ, ಮತ್ತೆ ಅದರ ಮರದ ಕೋಲಿಗೆ ಕಟ್ಟಿ, ಬಟ್ಟೆತಂತಿಯಿಂದ ನಾಲ್ಕು ಹೆಜ್ಜೆ ದೂರ ಇಟ್ಟರು.

ನಾರ್ಬರ್ಟ್ ಗುಂಡಿ ತಿರುಗಿಸಿದ. ಸರೋವರದ ಮೇಲೆ ಯಾರೋ ಒಬ್ಬ ತನ್ನ ಬಲೆಗೆ ಏನೂ ಬಿದ್ದಿಲ್ಲವೆಂದು ಗೊಣಗುತ್ತಿದ್ದ, ಪ್ರತಿ ಪದವೂ ಸ್ಪಷ್ಟ. ವಿಮಾನ ಬಂತು. ಪಕ್ಕದ ಊರಿನ ಫೈರ್ ಸ್ಟೇಷನ್ ಬಂತು. ಹವಾಮಾನ ಮಾತ್ರ ಬರಲಿಲ್ಲ.

"ಆವಾಗ ಅದರ ಮೇಲೆ ಬಟ್ಟೆ ಇತ್ತು," ಎಂದರು ಆಲ್ವಿನ್, ಕೆಳಗಿನಿಂದ. "ಒದ್ದೆ ಬಟ್ಟೆ."

ಅಡುಗೆಯವರ ಏಪ್ರನ್ನುಗಳನ್ನೂ ಮೇಜು ಒರೆಸುವ ಟವೆಲ್ಲುಗಳನ್ನೂ ಸಂಗ್ರಹಿಸಿ, ಅಗ್ನಿಶಾಮಕ ಪೈಪಿನಿಂದಲೇ ತೋಯಿಸಿ ಮೇಲೆ ಕಳಿಸಿದರು. ವರ್ನಾ ತನ್ನ ಕುತ್ತಿಗೆಯ ರುಮಾಲನ್ನೂ ಬಿಚ್ಚಿಕೊಟ್ಟಳು. ಹದಿನಾಲ್ಕನೆಯ ಟವೆಲ್ಲಿಗೆ ಕ್ಲಿಪ್ ಹಾಕುತ್ತಿದ್ದಂತೆ ರೇಡಿಯೋ ಗಂಟಲು ಸರಿಮಾಡಿಕೊಂಡು, ಮಧ್ಯಾಹ್ನ ಬಿಸಿಲು, ಸಂಜೆಗೆ ಅಲ್ಲಲ್ಲಿ ತುಂತುರು, ನೈರುತ್ಯದಿಂದ ಹಗುರ ಗಾಳಿ ಎಂದಿತು. ಇನ್ನೂರು ಜನ ಟೊಪ್ಪಿ ತೆಗೆದು ನಿಂತು ಕೇಳಿದರು. ನಾರ್ಬರ್ಟ್ ಎರಡನೆಯ ಸಲ ಕನ್ನಡಕ ಒರೆಸಿಕೊಂಡ. ಡ್ವೇನ್ ವ್ಯಾಯಾಮದ ಯಂತ್ರಗಳನ್ನು ತನ್ನ ಗ್ಯಾರೇಜಿನಲ್ಲೇ ಇಟ್ಟುಕೊಳ್ಳುತ್ತೇನೆ ಎಂದು ಯಾರೂ ಕೇಳದೆಯೇ ಹೇಳಿದ.

ಕಂಬದ ಮೇಲೆ ಒಂದೇ ಇರಲಿ ಎಂದಿದ್ದ ಎಂಜಿನಿಯರ್ ಜೂನ್ ತಿಂಗಳಲ್ಲಿ ಬಂದು ನೋಡಿದಾಗ ಒಂದೂ ಇರಲಿಲ್ಲ. ಇಷ್ಟೊಂದು ವಿಧೇಯತೆಯನ್ನು ತಾನು ಯಾವ ಊರಿನಲ್ಲೂ ಕಂಡಿಲ್ಲವೆಂದು ಬರೆದ. ತಾರಸಿಯ ಮೇಲೆ ದಿನಾ ಬೆಳಿಗ್ಗೆ ಒದ್ದೆ ಟವೆಲ್ ಹರಡುವುದು ಫೈರ್‌ಮನ್‌ಗಳ ಸರದಿ ಪಟ್ಟಿಗೆ ಸೇರಿತು. ಜೋಲೀನ್ ಫಾರಂ ತಿದ್ದಲು ಕೂತಳು. ಗೊತ್ತಿಲ್ಲ ಎಂದು ಬರೆಯಲು ನಿಯಮವಿರಲಿಲ್ಲ. ಎಲ್ಡನ್‌ನನ್ನು ಕರೆಸಿ ಒಂದು ಮಧ್ಯಾಹ್ನವೆಲ್ಲ ಚರ್ಚಿಸಿ, ಹನ್ನೊಂದೂ ಸಾಲು ಹೊಡೆದುಹಾಕಿ, "ಎಲ್ಲ ತಿರುವೂ ಎಲ್ಲದಕ್ಕೂ" ಎಂದು ಬರೆದಳು. ಅದು ತಪ್ಪಾಗಿರಲಿಲ್ಲ. ಎಂಟನೆಯದು ಮೊದಲಿನಂತೆಯೇ ತನ್ನದು ಎಂದು ವರ್ನಾ ಇಂದಿಗೂ ನಂಬಿದ್ದಾಳೆ.

ಜುಲೈ ತಿಂಗಳಲ್ಲಿ ಎಂಟು ಮೈಲಿ ಆಚೆಯ ಪೈಕ್ ಹಾಲೋ ಊರಿನ ಫೈರ್ ಸ್ಟೇಷನ್ನಿನ ಮುಖ್ಯಸ್ಥ ಬಂದು, ನಮಗೂ ಇಂಥದ್ದೊಂದು ಬೇಕು, ಇದನ್ನೇ ನೋಡಿ ಬಗ್ಗಿಸಿಕೊಡಿ ಎಂದ. ಹಾಗೆ ನಕಲು ಮಾಡಿದರೆ ಆಗದು ಎಂದ ಎಲ್ಡನ್. ನಿಮ್ಮದು ನಿಮ್ಮಲ್ಲೇ ಬೆಳೆಯಬೇಕು. ಯಾಕೆ ಹೇಗೆ ಎಂದು ಮಾತ್ರ ನನ್ನನ್ನು ಕೇಳಬೇಡಿ. ಶನಿವಾರ ಕಂಪ್ಯೂಟರನ್ನು ಕಾರಿಗೆ ಹಾಕಿಕೊಳ್ಳುವಾಗ, ಆಲ್ವಿನ್ ಒಳ್ಳೆಯ ಅಂಗಿ ಹಾಕಿಕೊಂಡು ಮುಂದಿನ ಸೀಟಿನಲ್ಲಿ ಆಗಲೇ ಕೂತಿದ್ದರು. ಪ್ರದರ್ಶನಕ್ಕೆ ಹಸು ಹಿಡಿದು ಹೋಗುವಾಗ ಹಾಕುತ್ತಿದ್ದ ಅಂಗಿಯದು.

ಪೈಕ್ ಹಾಲೋದ ಫೈರ್ ಸ್ಟೇಷನ್ನಿನಲ್ಲಿ, ಪರದೆಯ ಮೇಲೆ ಮೊದಲ ತಲೆಮಾರಿನ ಇನ್ನೂರು ತಂತಿಗಳು ಸಾಲಾಗಿ ಬಂದು ನಿಂತವು. ಆಲ್ವಿನ್ ಬೆಂಚೊಂದನ್ನು ಹತ್ತಿರ ಎಳೆದುಕೊಂಡು ಕೂತು, ಕೈ ಬೆನ್ನಿಗೆ ಕಟ್ಟಿ, ಒಂದೊಂದನ್ನೇ ನೋಡುತ್ತ ಹೋದರು. ಕಂಪ್ಯೂಟರ್ ಇನ್ನೂ ಅಂಕಿ ಹಾಕಿರಲಿಲ್ಲ. ನೂರ ಹದಿನೇಳನೆಯದರ ಮೇಲೆ ಅವರ ಕಣ್ಣು ನಿಂತಿತು.

"ಇದರ ಹಿಂಗಾಲು ಚೆನ್ನಾಗಿಲ್ಲ," ಎಂದರು. "ಇದಕ್ಕೆ ಮರಿ ಹಾಕಿಸಬೇಡ."

ಎಲ್ಡನ್ ಕಾದ. ಅರ್ಧ ನಿಮಿಷದ ಮೇಲೆ ಅಂಕಿ ಬಂತು. ಇನ್ನೂರರಲ್ಲಿ ನೂರ ಹದಿನೇಳನೆಯದು ಎಲ್ಲಕ್ಕಿಂತ ಕೊನೆ.

"ಹೇಗೆ ಗೊತ್ತಾಯ್ತು ನಿಮಗೆ?" ಎಂದು ಕೇಳಿದ.

ಆಲ್ವಿನ್ ಆಗಲೇ ನೂರ ಹದಿನೆಂಟಕ್ಕೆ ಹೋಗಿದ್ದರು. ಅದನ್ನು ಎಡಗಡೆಯಿಂದ ನೋಡಿ, ತಲೆ ಬಾಗಿಸಿ ಬಲಗಡೆಯಿಂದ ನೋಡಿ, ಮೆಚ್ಚಿಕೊಂಡು, ಸ್ವಲ್ಪ ಸರಿದು ಅಳಿಯನಿಗೂ ಬೆಂಚಿನಲ್ಲಿ ಜಾಗ ಬಿಟ್ಟರು.